ನಾನೇ ವಾಪಸ್ ಪಡೆದ ನಕ್ಷೆ

ಗಾಳಿಯಿಂದ ಕರೆಂಟು ತೆಗೆಯುವುದರ ಬಗ್ಗೆ ನನಗೆ ಯಾವ ತಕರಾರೂ ಇಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಆ ದಿನಗಳಲ್ಲಿ ನನ್ನನ್ನು ಅಭಿವೃದ್ಧಿಗೆ ಅಡ್ಡಗಾಲು ಹಾಕುವವಳು ಎಂದು ಕರೆದವರು ಕಡಿಮೆಯಿಲ್ಲ. ಔರಾದ್ ಕಡೆಯ ಮಡ್ಡಿಗಳ ಮೇಲೆ ಪಂಖಾ ನಿಲ್ಲಲಿ, ತಿರುಗಲಿ, ಸರ್ಕಾರ ಅದಕ್ಕೆ ಬೇಕಾದಷ್ಟು ರಿಯಾಯಿತಿ ಕೊಡಲಿ. ನನ್ನ ಜಗಳ ಇದ್ದದ್ದು ಒಂದೇ ಒಂದು ನಕ್ಷೆಯ ಜೊತೆ. ಆ ನಕ್ಷೆ ಬರೆದವಳು ನಾನೇ.

ನಾನು ಪರವಾನಗಿ ಪಡೆದ ಭೂಮಾಪಕಿ. ಮನೆ ಭಾಲ್ಕಿಯಲ್ಲಿ, ಕೆಲಸ ಹೆಚ್ಚಾಗಿ ಔರಾದ್ ತಾಲೂಕಿನ ಹೊಲಗಳಲ್ಲಿ. ಸರ್ಕಾರಿ ನೌಕರಳಲ್ಲ, ಆದರೆ ನಾನು ಸಹಿ ಹಾಕಿದ ನಕ್ಷೆ ಸರ್ಕಾರಿ ಕಾಗದವೇ. ಅದನ್ನು ನೋಡಿಯೇ ಹೊಲ ಮಾರುತ್ತಾರೆ, ಕೊಳ್ಳುತ್ತಾರೆ, ಗುತ್ತಿಗೆ ಕೊಡುತ್ತಾರೆ. ಆ ವರ್ಷ ಮುಂಗಾರಿನ ಹೊತ್ತಿಗೆ ಪಂಖಾ ಕಂಪನಿಯೊಂದು ಸಂತಪುರದ ಆಚೆಗಿನ ಎತ್ತರದ ಹೊಲಗಳನ್ನು ಗುತ್ತಿಗೆಗೆ ಹಿಡಿಯತೊಡಗಿತ್ತು. ಅಳತೆಯ ಕೆಲಸ ನನ್ನ ಪಾಲಿಗೆ ಬಂತು. ಕಂಪನಿಯ ಹೆಸರು, ಊರಿನ ಹೆಸರು, ಕಚೇರಿ ಯಾವುದೆಂಬುದು ಇಲ್ಲಿ ಬೇಡ. ತಪ್ಪು ನನ್ನದಿದ್ದಾಗ ಉಳಿದವರ ಹೆಸರು ಎಳೆಯುವುದು ಚೆಂದವಲ್ಲ.

ಎಲ್ಲದಕ್ಕೂ ವಿಪರೀತ ಅವಸರವಿತ್ತು. ಅವಸರದ ತಾಯಿಬೇರು ಸರ್ಕಾರದ ನೀತಿಯಲ್ಲೇ ಇತ್ತು. ಗೊತ್ತುಪಡಿಸಿದ ಗಡುವಿನೊಳಗೆ ಪಂಖಾ ತಿರುಗಿ ಕರೆಂಟು ಹರಿದರೆ, ಅದನ್ನು ಬೇರೆ ರಾಜ್ಯಕ್ಕೆ ಸಾಗಿಸುವ ತಂತಿಯ ಬಾಡಿಗೆ ಮಾಫಿ. ಗಡುವು ದಾಟಿದರೆ ಆ ಮಾಫಿ ವರ್ಷವರ್ಷಕ್ಕೂ ಕರಗುತ್ತದೆ. ಇದರ ಜೊತೆಗೆ ಇನ್ನೊಂದು ಅನುಕೂಲ. ಬೇಸಾಯದ ಜಮೀನನ್ನು ಪಂಖಾಕ್ಕೆ ಬದಲಿಸಲು ಅರ್ಜಿ ಹಾಕಿದ ಮೇಲೆ, ನಿಗದಿತ ದಿನಗಳೊಳಗೆ ಕಚೇರಿಯಿಂದ ಆಕ್ಷೇಪಣೆ ಬಾರದಿದ್ದರೆ ಒಪ್ಪಿಗೆ ಸಿಕ್ಕಿದೆ ಎಂದೇ "ಭಾವಿಸಲಾಗುವುದು". ಯಾರು ಭಾವಿಸುತ್ತಾರೆ? ಯಾರೂ ಇಲ್ಲ. ದಿನ ಮುಗಿದರೆ ಸಾಕು, ಕಂಪ್ಯೂಟರೇ ಭಾವಿಸಿಬಿಡುತ್ತದೆ.

ಆ ನಕ್ಷೆಯ ಹೊಲಕ್ಕೆ ನಾನು ಹೋದದ್ದು ಕಂಪನಿಯ ಜೀಪಿನಲ್ಲಿ. ಜೊತೆಗೆ ಕಂಪನಿಯ ಜಮೀನು ಮ್ಯಾನೇಜರ್, ಚಿತ್ರದುರ್ಗದ ಕಡೆಯವರು, ಪಂಖಾಗಳ ನಡುವೆಯೇ ತಲೆ ನರೆಸಿಕೊಂಡ ಮನುಷ್ಯ. ಅಳತೆಗೆ ಮೊದಲು ಸುತ್ತಲಿನ ಹೊಲದವರಿಗೆಲ್ಲ ನೋಟಿಸು ಕೊಟ್ಟು ಸಹಿ ಪಡೆಯಬೇಕಾದವಳು ನಾನು. ಆದರೆ ಅವರು ಸಹಿ, ಹೆಬ್ಬೆಟ್ಟು ಎಲ್ಲ ಮುಗಿಸಿದ ನೋಟಿಸುಗಳ ಕಟ್ಟನ್ನೇ ತಂದು ನನ್ನ ತೊಡೆಯ ಮೇಲಿಟ್ಟರು. "ನಿಮಗೆ ಯಾಕೆ ತೊಂದರೆ ಮೇಡಂ, ನಮ್ಮ ಹುಡುಗರೇ ಮಾಡಿಸಿದ್ದಾರೆ," ಎಂದರು. ದಿನಕ್ಕೆ ನಾಲ್ಕು ಹೊಲ ಅಳೆಯಬೇಕಿತ್ತು. ನಾನು ಕಟ್ಟನ್ನು ಚೀಲಕ್ಕೆ ಹಾಕಿಕೊಂಡೆ.

ಅಣ್ಣತಮ್ಮ ಇಬ್ಬರ ಆ ಹೊಲ ಇಳಿಜಾರಿನಲ್ಲಿತ್ತು. ಮೇಲೆ ಕೆಂಪು ಕಲ್ಲಿನ ಮಡ್ಡಿ, ಕೆಳಗೆ ಕಪ್ಪು ಎರಿಮಣ್ಣು. ಕಾಗದದ ಪ್ರಕಾರ ಮೇಲಿನ ಅರ್ಧ ಅಣ್ಣನದು, ಕೆಳಗಿನ ಅರ್ಧ ತಮ್ಮನದು. ತಮ್ಮ ತೀರಿಕೊಂಡಿದ್ದ, ಅವನ ಪಾಲು ಹೆಂಡತಿಯ ಹೆಸರಿಗೆ ಬಂದಿತ್ತು. ಗಾಳಿ ಬೀಸುವುದು ಮೇಲೆ, ಹಾಗಾಗಿ ಪಂಖಾ ಮೇಲಿನ ಮಡ್ಡಿಗೆ, ಅಂದರೆ ಅಣ್ಣನ ಪಾಲಿಗೆ ಎಂದು ಗುರುತಾಗಿತ್ತು. ನಾನು ಉಪಗ್ರಹದಿಂದ ಅಳತೆ ಹಿಡಿಯುವ ಯಂತ್ರದ ಕೋಲು ಊರಿ ಮೂಲೆಮೂಲೆ ಗುರುತು ಹಾಕಿದೆ. ಮಡ್ಡಿಯಿಂದ ಎರಿಯವರೆಗೆ ಮೇಲಿಂದ ಕೆಳಕ್ಕೆ ಒಂದು ಬದು ನೇರವಾಗಿ ಇಳಿದಿತ್ತು. ಅದರ ಮೇಲೆ ಕೂತು ಸುಧಾರಿಸಿಕೊಂಡೆ. ತೊಗರಿಯಲ್ಲಿ ಕಳೆ ತೆಗೆಯುತ್ತಿದ್ದ ಹೆಂಗಸೊಬ್ಬಳು ತಂಬಿಗೆಯಲ್ಲಿ ನೀರು ತಂದು ಕೊಟ್ಟಳು. ಕುಡಿದೆ. ನಕ್ಷೆಯಲ್ಲಿ "ಬದು" ಎಂದು ಒಂದು ಗೆರೆ ಎಳೆದೆ, ಮುಂದಿನ ಹೊಲಕ್ಕೆ ಹೋದೆ.

ಅಡ್ಡಲಾಗಿ ಹಾಕಿದ ಬದು ನೀರು ತಡೆಯುತ್ತದೆ. ಇಳಿಜಾರಿನ ಗುಂಟ ಇಳಿದ ಬದುವಿನಿಂದ ನೀರು ನಿಲ್ಲುವುದಿಲ್ಲ, ಅದನ್ನು ಹಾಕುವುದು ಪಾಲು ಮಾಡಲಿಕ್ಕೆ ಮಾತ್ರ. ಇದು ನನ್ನ ಕಸುಬಿನ ಮೊದಲ ಪಾಠ. ಹನ್ನೊಂದು ವರ್ಷ ಹೊಲ ಅಳೆದವಳು, ಆ ಬದುವಿನ ಮೇಲೇ ಕೂತು, ಇದು ಇಲ್ಲಿ ಯಾಕಿದೆ ಎಂದು ಒಂದು ಮಾತು ಕೇಳಲಿಲ್ಲ. ನೆನೆದರೆ ಈಗಲೂ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನಿಸುತ್ತದೆ.

ತೊಗರಿ ಹೂವಿಗೆ ಬಂದ ಹೊತ್ತಿಗೆ ಆ ಹೆಂಗಸು ನನ್ನನ್ನು ಹುಡುಕಿಕೊಂಡು ಬಂದಳು. ಸರ್ವೆ ಕಚೇರಿಯ ಮೆಟ್ಟಿಲ ಮೇಲೆ ಕೂತಿದ್ದಳು. ನಲವತ್ತೈದರ ಆಸುಪಾಸು, ಸೆರಗನ್ನು ಸೊಂಟಕ್ಕೆ ಬಿಗಿದು ಸಿಕ್ಕಿಸಿದ್ದಳು, ಕೈಯಲ್ಲಿ ಪಹಣಿಯ ಪ್ರತಿ. ಅಳುವಿಲ್ಲ, ಗೋಗರೆತವಿಲ್ಲ.

"ನಮಸ್ಕಾರ್ರಿ ಮೇಡಂ. ನನ್ನ ತೊಗರಿ ಕಡ್ದು ಪಂಖಾಕ್ಕ ಅಂತ ದುಂಡಕ ಸುಣ್ಣ ಹಾಕ್ಯಾರ. ಯಾರ್ ಹಾಕಂದ್ರು ಅಂತ ಕೇಳಿದ್ರ ನಿಮ್ಮ ಹೆಸರು ಹೇಳ್ಲಿಕ್ಕತ್ತಾರ."

ನಾನು ಪಹಣಿ ನೋಡಿದೆ. "ಅಕ್ಕಾ, ಅದು ನಿಮ್ಮ ಭಾವನವರ ಪಾಲಲ್ಲೇನ್ರಿ? ಮಡ್ಡಿ ಅವರದು, ಎರಿ ನಿಮ್ಮದು. ಹಂಗ ಬರ್ದಾರ ನೋಡ್ರಿ."

"ಬರ್ದಿರ್ಬಹುದ್ರಿ. ಖರೆ ಹೇಳ್ಬೇಕಂದ್ರ ಮಡ್ಡಿನೂ ಅರ್ಧರ್ಧ, ಎರಿನೂ ಅರ್ಧರ್ಧ. ನಡುವ ಬದು ಅದ. ನೀವು ಅದರ ಮ್ಯಾಲೇ ಕುಂತು ನನ್ನ ಕೈಲೆ ನೀರು ಕುಡ್ದೀರಿ."

ಭೂಮಿ ಬಾಯಿ ಬಿಟ್ಟು ನನ್ನನ್ನು ನುಂಗಬಾರದೆ ಎನಿಸಿತು. ಆದರೂ ಸೋಲೊಪ್ಪಲು ಮನಸ್ಸಾಗದೆ ಕೇಳಿದೆ: "ಮತ್ತ ನೋಟಿಸಿಗೆ ಅಂಗೂಠಾ ಹಾಕೀರಲ್ರಿ?"

"ಊರಿಗೆ ರಸ್ತಾ ಬರ್ತದ, ಹಾಕು ಅಂದ್ರು. ಹಾಕ್ದೆ. ರಸ್ತಾ ಬ್ಯಾಡ ಅಂತಾರೇನ್ರಿ ಯಾರರೆ?"

ಅಂದೇ ಅವಳ ಜೊತೆ ಹೊಲಕ್ಕೆ ಹೋದೆ, ಈ ಸಲ ನನ್ನ ಸ್ಕೂಟಿಯಲ್ಲಿ. ಯಂತ್ರ ಕಂಪನಿಯ ಬಳಿ ಇತ್ತು. ಮನೆಯ ಅಟ್ಟದಲ್ಲಿದ್ದ ಹಳೆಯ ಸರಪಳಿ ತಂದಿದ್ದೆ, ಮೂವತ್ಮೂರು ಅಡಿಯದು, ನಿಜಾಮನ ಕಾಲದಿಂದ ಈ ಕಡೆ ಹೊಲ ಅಳೆದದ್ದು ಅದರಲ್ಲೇ. ಒಂದು ತುದಿ ಅವಳು ಹಿಡಿದಳು, ಒಂದು ನಾನು. ಬಿಸಿಲಲ್ಲಿ ಮೇಲಿಂದ ಕೆಳಕ್ಕೆ ನಾಲ್ಕು ಗಂಟೆ ಅಳೆದೆವು. ಬದು ಹೊಲವನ್ನು ಸರಿಯಾಗಿ ಎರಡು ಉದ್ದ ಪಟ್ಟಿಗಳಾಗಿ ಸೀಳಿತ್ತು. ಎರಡು ತುದಿಗೂ ಹೂತ ಕಲ್ಲು. ಸುಣ್ಣದ ದುಂಡು ಪೂರ್ತಿಯಾಗಿ ಅವಳ ಪಟ್ಟಿಯಲ್ಲಿತ್ತು.

ಬದುವಿನ ಮೇಲೆ ಕೂತು ಅವಳು ಹಂಚಿಕೆಯ ಕತೆ ಹೇಳಿದಳು. ಆ ಊರುಗಳಲ್ಲಿ ಅಣ್ಣತಮ್ಮಂದಿರ ನಡುವೆ ಒಂದು ಕಟ್ಟುಪಾಡಿದೆ. ಹಿರಿಯ ಹಂಚಬೇಕು, ಕಿರಿಯ ಆರಿಸಬೇಕು. ಯಾವ ಪಾಲು ತನಗೆ ಬರುತ್ತದೋ ಗೊತ್ತಿಲ್ಲದ ಕಾರಣ ಹಿರಿಯ ತೂಗಿ ತೂಗಿ ಸಮ ಮಾಡುತ್ತಾನೆ. ಭಾವ ಇಬ್ಬರಿಗೂ ಮಡ್ಡಿ, ಇಬ್ಬರಿಗೂ ಎರಿ ಬರುವಂತೆ ಉದ್ದಕ್ಕೆ ಸೀಳಿದ, ಅವಳ ಗಂಡ ಮೂಡಣ ಪಟ್ಟಿ ಆರಿಸಿದ. ಆಮೇಲೆ ದಾಖಲೆ ಬರೆಯಲು ಬಂದವರು ಹೊಲಕ್ಕೆ ಬಾರದೆ ಊರಕಟ್ಟೆಯ ಮೇಲೆ ಕೂತು, ಮೇಲಿನದು ಅಣ್ಣನಿಗೆ, ಕೆಳಗಿನದು ತಮ್ಮನಿಗೆ ಎಂದು ಗೀಚಿ ಹೋದರು. ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಬದು ಇದ್ದಮೇಲೆ ಕಾಗದ ಯಾಕೆ?

ಈಗ ಪಂಖಾ ಬಂದಿತ್ತು. ಮಡ್ಡಿಗೆ ಗುತ್ತಿಗೆ, ಇಪ್ಪತ್ತೈದು ಮೂವತ್ತು ವರ್ಷ ತಪ್ಪದೆ ಬರುವ ಬಾಡಿಗೆ. ಭಾವನಿಗೆ ಕಾಗದ ಒಮ್ಮೆಲೇ ಪ್ರೀತಿಯದಾಗಿತ್ತು.

ಸಂಜೆ ಮ್ಯಾನೇಜರಿಗೆ ಫೋನು ಮಾಡಿದೆ. ಅವರು ಸಿಟ್ಟಾಗಲಿಲ್ಲ, ಅದೇ ನನಗೆ ಸಿಟ್ಟು ತರಿಸಿತು.

"ಮೇಡಂ, ಆಯಮ್ಮಂಗೆ ನಷ್ಟ ಏನಿದೆ ಹೇಳಿ. ಕಾಗದದ ಪ್ರಕಾರ ಕೆಳಗಿನ ಕಪ್ಪು ಹೊಲ ಪೂರ್ತಿ ಅವರದೇ. ಬೇಕಾದ್ರೆ ಹೋಗಿ ಉಳಲಿ. ಒಳ್ಳೆ ಭೂಮಿ ಅದು."

ಮರುದಿನ ಇದನ್ನು ಅವಳಿಗೆ ಹೇಳಿದೆ. ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ನಂದಲ್ಲದ್ದು ನನಗ ಬ್ಯಾಡ್ರಿ. ನಂದು ನಾ ಬಿಡಂಗಿಲ್ಲ. ನೀವು ಯಾರ ಕಡಿ ಮಾತಾಡ್ಲಿಕ್ಕತ್ತೀರಿ, ಅದೊಂದು ಹೇಳ್ರಿ ಮೊದಲ."

ನಾನು ನೇರ ಕಚೇರಿಗೆ ಹೋದೆ. ನಮ್ಮ ನಕ್ಷೆಗಳನ್ನು ತಪಾಸಣೆ ಮಾಡುವ ಮೇಲ್ವಿಚಾರಕರು ಕಂಪ್ಯೂಟರ್ ತೆರೆದು ತೋರಿಸಿದರು. ಪರಿವರ್ತನೆಯ ಅರ್ಜಿಗೆ ಇನ್ನು ಹನ್ನೊಂದು ದಿನ ಬಾಕಿ. ಅಷ್ಟರೊಳಗೆ ಅಡ್ಡಿ ಬಾರದಿದ್ದರೆ ಎಲ್ಲವೂ ಆಗಿದೆ ಎಂದೇ ಭಾವನೆ. ಆಮೇಲೆ ಕಾಂಕ್ರೀಟು. ಕಾಂಕ್ರೀಟಿನ ಕೆಳಗಿನ ಹೊಲ ಯಾರದೆಂದು ಸಾಬೀತು ಮಾಡಲು ಅವಳು ಆಯುಷ್ಯವಿಡೀ ಕೋರ್ಟಿನ ಮೆಟ್ಟಿಲು ಹತ್ತಬೇಕು.

"ಆಕಿ ತಕರಾರು ಅರ್ಜಿ ಕೊಡ್ಲಿ," ಎಂದರು. "ಮರುಅಳತಿಗೆ ನಂಬರ್ ಹಚ್ತೇವಿ."

"ನಂಬರ್ ಯಾವಾಗ ಬರ್ತದ್ರಿ?"

"ಬ್ಯಾಸಗಿಗೆ ಬಂದ್ರ ಪುಣ್ಯ."

"ಅಲ್ಲೀತನಕ ಈ ಫೈಲ್ ನಿಲ್ತದೇನ್ರಿ?"

"ಆಕಿ ಅರ್ಜಿಗಿ ನಿಲ್ಲಂಗಿಲ್ಲ. ನಿಮ್ಮ ನಕಾಶೆ ಎದುರಿಗದಲ್ಲ. ಬರ್ದಾಕಿನೇ ವಾಪಸ್ ತಗೊಂಡ್ರ ನಿಲ್ತದ." ಹೀಗೆಂದು ತಾವೇ ನಕ್ಕರು. "ಆದ್ರ ಅಂಥ ಕೆಲಸ ಯಾರೂ ಮಾಡಂಗಿಲ್ಲ ಬಿಡ್ರಿ."

"ನಾ ಮಾಡ್ತೇನಿ."

ಅವರ ನಗು ನಿಂತಿತು. "ಹುಚ್ಚ ಹಿಡದದೇನ್ರಿ ನಿಮಗ? ನನ್ನ ನಕಾಶೆ ತಪ್ಪು ಅಂತ ನಿಮ್ಮ ಕೈಲೇ ಬರ್ದು ಕೊಟ್ರ ಲೈಸೆನ್ಸಿಗಿ ಕುತ್ತು ಬರ್ತದ. ನಾನೂ ಅದಕ್ಕ ದಸ್ತಖತ್ ಹಾಕೀನಿ, ನನ್ನೂ ಎಳೀತೀರಿ."

"ನೀವು ನನ್ನ ಮ್ಯಾಲ ಭರವಸಾ ಇಟ್ಟು ಹಾಕೀರಿ ಅಂತನ ಬರೀತೇನ್ರಿ. ನನ್ನ ತಪ್ಪು ನಂದು."

ಮನೆಗೆ ಬಂದು ಅವ್ವನಿಗೆ ಹೇಳಿದೆ. ನಮ್ಮ ಮನೆ ನಡೆಯುವುದು ನನ್ನ ದುಡಿಮೆಯಿಂದ, ಅವ್ವನ ಗುಳಿಗೆಗಳಿಂದ ಹಿಡಿದು ತಂಗಿಯ ನರ್ಸಿಂಗ್ ಕಾಲೇಜಿನವರೆಗೆ. ರೊಟ್ಟಿ ಬಡಿಯುತ್ತಿದ್ದ ಅವ್ವ ಕೈ ನಿಲ್ಲಿಸದೆ ಹೇಳಿದಳು: "ಅಂಜಿಕಿ ಬರ್ಲಿಕ್ಕತ್ತದೇನು?" "ಹೂಂ," ಎಂದೆ. "ಬರ್ಲಿ. ಅಂಜಿಕೊಂತನ ಬರಿ. ಮೊದಲ ಉಣ್ಣು."

ಬರೆದೆ. ಒಂದು ಪುಟ. ಮೇಲ್ವಿಚಾರಕರು ಫೋನಿನಲ್ಲಿ, "ಕಣ್ತಪ್ಪಿನಿಂದ ಆಯಿತು ಅಂತ ಬರೀರಿ, ಹಗುರಾಗ್ತದ," ಎಂದು ಬುದ್ಧಿ ಹೇಳಿದ್ದರು. ಕಣ್ಣು ತಪ್ಪಿರಲಿಲ್ಲವಲ್ಲ! ಬದು ಕಂಡಿತ್ತು. "ಸ್ಥಳದಲ್ಲಿ ಬದು ಕಂಡರೂ ವಿಚಾರಣೆ ಮಾಡಲಿಲ್ಲ. ನೋಟಿಸು ಖುದ್ದು ಜಾರಿ ಮಾಡಲಿಲ್ಲ. ನಕ್ಷೆಯನ್ನು ಹಿಂಪಡೆಯುತ್ತಿದ್ದೇನೆ," ಎಂದೇ ಬರೆದೆ.

ಅದನ್ನು ಕೊಡುವುದು ಬರೆಯುವುದಕ್ಕಿಂತ ಕಷ್ಟವಾಯಿತು. ತಂತ್ರಾಂಶದಲ್ಲಿ ನಕ್ಷೆ ಏರಿಸಲು ಗುಂಡಿಯಿದೆ, ಹಿಂಪಡೆಯಲು ಇಲ್ಲ. ಕಾಗದದಲ್ಲಿ ಕೊಡಲು ಹೋದರೆ ಟಪಾಲು ಗುಮಾಸ್ತ, "ಇಂಥದ್ದು ಯಾವ ಶಾಖಾಕ್ಕ ಹೋಗ್ತದಂತ ನನಗ ಗೊತ್ತಿಲ್ರಿ," ಎಂದು ಕೈಚೆಲ್ಲಿದ. "ಗೊತ್ತಾಗೂತನಕ ಕುಂಡ್ರತೇನಿ," ಎಂದು ಅವನೆದುರಿನ ಬೆಂಚಿನಲ್ಲಿ ಕೂತೆ. ಎರಡು ಸಲ ಚಹಾ ತರಿಸಿಕೊಂಡು ಕುಡಿದೆ, ಅವನಿಗೂ ಕುಡಿಸಿದೆ. ಕಚೇರಿ ಬಾಗಿಲು ಹಾಕುವ ಮುನ್ನ ಮುದ್ರೆ ಬಿತ್ತು. ಆ ಸ್ವೀಕೃತಿ ಹಿಡಿದು ಮರುದಿನ ಬೀದರಿನ ಬಸ್ಸು ಹತ್ತಿದೆ.

ಜಿಲ್ಲಾ ಮಟ್ಟದ ಅಧಿಕಾರಿ ನನ್ನ ಪುಟವನ್ನು ಎರಡು ಸಲ ಓದಿದರು. "ನಿಮ್ಮ ಮಾತೊಂದೇ ಸಾಲದು. ನಾಳೆ ಕಂಪನಿಯವರು, ಆ ಹೆಂಗಸೇ ನಿಮಗೆ ಆಮಿಷ ಒಡ್ಡಿ ಬರೆಸಿದ್ದಾಳೆ ಅಂತಾರೆ. ಹೊಲದಲ್ಲಿ ಪಂಚನಾಮೆ ಮಾಡಿ. ಐದು ಜನ ಪಂಚರ ಸಹಿ, ಅಣ್ಣನ ಹೇಳಿಕೆ. ತಂದರೆ ಅಂದೇ ಫೈಲು ತಡೆಹಿಡಿಯುತ್ತೇನೆ." ಮಾತು ನ್ಯಾಯದ್ದೇ. ಆದರೆ ಏಳು ದಿನ ಉಳಿದಿತ್ತು.

ಮೊದಲ ಪಂಚನಾಮೆ ಮಣ್ಣು ಮುಕ್ಕಿತು. ಭಾವ ಬರಲೇ ಇಲ್ಲ. ಪಂಚರಾಗಿ ಬರುತ್ತೇವೆ ಎಂದಿದ್ದ ಐವರಲ್ಲಿ ಮೂವರು ಪತ್ತೆಯಿಲ್ಲ. ಅವರ ಹೊಲಗಳೂ ಕಂಪನಿಯ ಪಟ್ಟಿಯಲ್ಲಿದ್ದವು, ಸಹಿ ಹಾಕಿದರೆ ಪಂಖಾ ಪಕ್ಕದೂರಿಗೆ ಹೋಗುತ್ತದೆಂದು ಯಾರೋ ಹಬ್ಬಿಸಿದ್ದರು. ನಾನು ಮನೆಮನೆಗೆ ಹೋದೆ, ಬಿಸಿಲಲ್ಲಿ ಗಂಟಲು ಹರಿದುಕೊಂಡು ಹೇಳಿದೆ: "ಪಂಖಾ ಎಲ್ಲೂ ಹೋಗಂಗಿಲ್ರಿ. ಗಾಳಿ ಇಲ್ಲೇ ಅದ. ಬಾಡಿಗಿ ಯಾರಿಗಿ ಸೇರ್ಬೇಕು, ಅಷ್ಟ ಮಾತು. ಇವತ್ತು ಈಕಿ ಬದು ಅಳಸಿದ್ರ ನಾಳಿ ನಿಮ್ಮ ಬದು ಯಾರು ಕಾಯ್ತಾರ?" ಆ ಊರಿನಲ್ಲಿ ಕಾಗದಕ್ಕೂ ಬದುವಿಗೂ ತಾಳೆಯಿಲ್ಲದ ಹೊಲ ಅದೊಂದೇ ಅಲ್ಲ. ಈ ಮಾತು ನಾಟಿತು.

ಮೂರು ದಿನ ಉಳಿದಿದ್ದಾಗ ಎರಡನೆಯ ಪಂಚನಾಮೆ. ಐದಲ್ಲ, ಅರ್ಧ ಊರೇ ಬಂದು ನಿಂತಿತ್ತು. ಭಾವನೂ ಬಂದ, ಬಿಳಿ ಟೊಪಿಗೆ, ಬಿಗಿದ ಮುಖ. ಅವನ ಹಿಂದೆ ಮ್ಯಾನೇಜರ್. ಅವಳು ಬದುವಿನ ಮೂಡಣಕ್ಕೆ ತನ್ನ ತೊಗರಿಯಲ್ಲಿ ನಿಂತಿದ್ದಳು, ಭಾವನೆದುರು ತಲೆಯ ಮೇಲೆ ಸೆರಗು ಹೊದ್ದು.

"ಕಾಕಾ, ಎರಡ ದಾರಿ ಅದಾವ್ರಿ," ಎಂದೆ. "ಕಾಗದ ಖರೆ ಅಂದ್ರ ಮಡ್ಡಿ ಪೂರಾ ನಿಮ್ಮದು, ಎರಿ ಪೂರಾ ಈ ಅಕ್ಕಂದು. ನಾಳಿಯಿಂದ ಎರ್ಯಾಗ ಕಾಲಿಡಬ್ಯಾಡ್ರಿ. ಬದು ಖರೆ ಅಂದ್ರ ಎರಡೂ ಕಡಿ ಅರ್ಧರ್ಧ. ಮ್ಯಾಲ ಕಾಗದ, ಕೆಳಗ ಬದು, ಹಂಗ ನಡ್ಯಂಗಿಲ್ಲ."

ಅವನು ನೆಲ ನೋಡಿದ. "ಹಂಚಿಕಿನೇ ಆಗಿಲ್ಲ. ಸುಮ್ಮ ಬಿತ್ಕೋತ ಬಂದೀವಿ. ಈ ಬದು ಯಾರ್ ಹಾಕ್ಯಾರೋ ನನಗೇನ್ ಗೊತ್ತು?"

ನನ್ನ ಪೆನ್ನು ನಿಂತಿತು. ಹಂಚಿಕೆಯೇ ಆಗಿಲ್ಲ ಎಂದು ಬರೆದುಕೊಂಡರೆ ಎಲ್ಲ ಮುಗಿಯಿತು. ಅಷ್ಟರಲ್ಲಿ ಪಕ್ಕದ ಹೊಲದ ಮುದುಕ ಎಲೆ ಅಡಿಕೆ ಉಗುಳಿ, ತಣ್ಣಗೆ ಕೇಳಿದ:

"ಹಂಗಾರ ನಿನ್ನ ತಮ್ಮ ಹಂಚಿದ್ದೇನೋ? ಕಿರಿಯಾಂವ ಹಂಚ್ದ, ಹಿರಿಯಾಂವ ನೀ ಕೈಕಟ್ಟಿ ಆರಿಸ್ಕೊಂಡಿ?"

ಜನ ಗೊಳ್ಳೆಂದು ನಕ್ಕರು. ಭಾವನ ಮುಖ ಕೆಂಪೇರಿತು.

"ಏಯ್, ಬಾಯಿ ಬಿಗಿ ಹಿಡ್ದು ಮಾತಾಡು! ನಾ ಇರೂತನಕ ಅಂವ ಹ್ಯಾಂಗ ಹಂಚ್ತಾನ? ಹಂಚಿದಾಂವ ನಾ! ಈ ಬದುಕ್ಕ ಮೊದಲ ಹೆಂಟಿ ಇಟ್ಟಾಂವ ನಾ! ಒಂದು ಗೇಣು ಹೆಚ್ಚುಕಮ್ಮಿ ಇದ್ರ ಅಳದು ತೋರ್ಸು ಬಾ!"

ಹೇಳಿದ್ದು ಏನೆಂದು ಅವನಿಗೂ ಅಷ್ಟೊತ್ತಿಗೆ ಹೊಳೆಯಿತು. ಮ್ಯಾನೇಜರ್ ಕಡೆ ಒಮ್ಮೆ ನೋಡಿದ, ತಮ್ಮನ ಹೆಂಡತಿಯ ಕಡೆ ಒಮ್ಮೆ.

"ಬರಕೊಳ್ಳಲೇನ್ರಿ ಕಾಕಾ?" ಎಂದೆ.

"ಬರಕೋ," ಎಂದ. "ಹಂಚಿದ್ದು ನಾನ. ಸಮಾ ಹಂಚೀನಿ. ಅದನ್ನೂ ಬರಿ."

ಬರೆದೆ. ಸಮನಾಗಿ ಹಂಚಿದ್ದಾನೆ ಎಂಬುದನ್ನು ಎರಡು ಸಲ ಬರೆದೆ. ಆ ಗಳಿಗೆಯಲ್ಲಿ ಅವನ ಮೇಲಿನ ನನ್ನ ಸಿಟ್ಟೆಲ್ಲ ಇಳಿದುಹೋಯಿತು. ದಸ್ತಖತ್ ಹಾಕುವಾಗ ಅವನು ಪೂರ್ತಿ ಹೆಸರು ಬರೆದ.

ಪಂಚನಾಮೆ ಬೀದರಿಗೆ ಮುಟ್ಟಿಸಿದ ದಿನವೇ ಫೈಲು ನಿಂತಿತು. ಕಂಪನಿಗೆ ಗಡುವಿನ ಅವಸರವಿದ್ದುದರಿಂದ ಕೆಲವೇ ವಾರಗಳಲ್ಲಿ ಬೇರೊಬ್ಬ ಭೂಮಾಪಕ ಬಂದು ಬದುವಿನಂತೆ ಹೊಸ ನಕ್ಷೆ ಮಾಡಿದ, ದಾಖಲೆ ತಿದ್ದಿದರು, ಪಂಖಾದ ಗುತ್ತಿಗೆ ಅವಳ ಹೆಸರಿಗೆ ಬಂತು. ನನಗೂ ಬಂತು, ನೋಟಿಸು. ಆರು ತಿಂಗಳು ಪರವಾನಗಿ ಅಮಾನತು. ನ್ಯಾಯವೇ. ನೋಟಿಸು ಜಾರಿ ಮಾಡದೆ ಅಳೆದವಳಿಗೆ ಅಷ್ಟಾದರೂ ಆಗಬೇಕು. ಆದರೆ ಅದೇ ಕಾಗದದಲ್ಲಿ, ನಕ್ಷೆ ಹಿಂಪಡೆದು "ಇಲಾಖೆಗೆ ಮುಜುಗರ ಉಂಟುಮಾಡಿದ್ದು" ಎಂದು ಎರಡನೆಯ ಆರೋಪವನ್ನೂ ಸೇರಿಸಿದ್ದರು. ಮೊದಲನೆಯದನ್ನು ಒಪ್ಪಿಕೊಂಡು ಸಹಿ ಹಾಕಿದೆ. ಎರಡನೆಯದರ ಮುಂದೆ "ಒಪ್ಪುವುದಿಲ್ಲ" ಎಂದು ದಪ್ಪಕ್ಷರದಲ್ಲಿ ಬರೆದು ಕಳಿಸಿದೆ. ಆ ಆರು ತಿಂಗಳು ಭಾಲ್ಕಿಯಲ್ಲಿ ಅರ್ಜಿ ಬರೆದುಕೊಡುವ ಅಂಗಡಿಯೊಂದರಲ್ಲಿ ಕೂತೆ. ಕಷ್ಟವಾಯಿತು, ಸುಳ್ಳು ಹೇಳುವುದಿಲ್ಲ. ತಂಗಿಯ ಫೀಜಿಗೆ ಅವ್ವನ ಬಳೆ ಹೋದವು.

ಅಮಾನತಿನ ಆ ದಿನಗಳಲ್ಲೇ, ತೊಗರಿ ಕಾಯಿ ತುಂಬಿದ ಹೊತ್ತಿಗೆ, ಒಂದು ಮಧ್ಯಾಹ್ನ ಮ್ಯಾನೇಜರ್ ಫೋನು ಬಂತು. ಆ ತಣ್ಣನೆಯ ದನಿ ಈಗ ಇರಲಿಲ್ಲ.

"ಮೇಡಂ, ಆಯಮ್ಮ ಅಗೆಯೋಕೆ ಬಿಡ್ತಿಲ್ಲ. ತೊಗರಿ ರಾಶಿ ಆಗೋವರೆಗೆ ಗುದ್ದಲಿ ಇಡಬೇಡಿ ಅಂತಾರೆ. ಬೆಳೆಗೆ ಎರಡರಷ್ಟು ಪರಿಹಾರ ಕೊಡ್ತೀವಿ ಅಂದ್ರೂ ಕೇಳ್ತಿಲ್ಲ. ಗಡುವು ಹತ್ತಿರ ಬಂದಿದೆ, ಸರ್ಕಾರದ ರಿಯಾಯಿತಿ ಹೋಗುತ್ತೆ. ಮೇಲಿನವರು ನನ್ನ ಜೀವ ತೆಗೀತಿದ್ದಾರೆ. ನೀವು ಒಂದು ಮಾತು ಹೇಳಿದ್ರೆ ಖಂಡಿತ ಒಪ್ತಾರೆ. ನಿಮ್ಮ ಮಾತು ತೆಗೆದುಹಾಕಲ್ಲ ಅವರು."

ಹೌದು, ನಾನು ಹೇಳಿದ್ದರೆ ಅವಳು ಬಹುಶಃ ಒಪ್ಪುತ್ತಿದ್ದಳು.

"ಸರ್," ಎಂದೆ, "ಆಕಿ ಹೊಲದ ಮಾತು ಆಕಿನ್ನ ಬಿಟ್ಟು ಎಲ್ಲಾರೂ ಮಾತಾಡಿ ಆಯ್ತು. ನಾನೂ ಮಾತಾಡಿ ಆಯ್ತು. ಇನ್ನ ಆಕಿ ಏನಂತಾಳೋ ಅದ ಆಗ್ಲಿ."

ಫೋನು ಇಟ್ಟು ಎದುರಿಗೆ ಕೂತವರ ಅರ್ಜಿ ಕೈಗೆತ್ತಿಕೊಂಡೆ.